ನೆರೆಯೂ ನೆರೆಹೊರೆಯೂ



ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ದಂಡೆಯನ್ನು ಮೀರಿ ಬಂದು ಹೊಲಮನೆಗಳನ್ನು ಮುಳುಗಿಸುವ ಜಲವೂ ನೆರೆಯೇ. ಗೋಡೆಗೆ ಗೋಡೆಯನ್ನು ತಾಗಿಸಿಕೊಂಡು ಬಾಳುವ ಪಕ್ಕದ ಮನೆಯೂ ನೆರೆಯೇ. ಇವೆರಡರ ಧಾತು ಒಂದೋ ಎರಡೋ ಎಂಬುದನ್ನು ಪಂಡಿತರಿಗೆ ಬಿಟ್ಟು, ಮಲಪ್ರಭೆಯ ಮಗ್ಗುಲಿನ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರನಾಗಿ ಆಯುಷ್ಯದ ಬಹುಭಾಗವನ್ನು ಕಳೆದ ನಾನು, ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಮೊದಲನೆಯ ನೆರೆಯನ್ನೂ, ಅದು ಇಳಿದ ಮೇಲೆ ಎರಡನೆಯ ನೆರೆಯನ್ನೂ ಕಣ್ಣಾರೆ ಕಂಡವನಾದುದರಿಂದ, ಕಂಡಷ್ಟನ್ನು ಈ ಹೊತ್ತು ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇನೆ.

ನಮ್ಮ ಕಡೆಯ ಜನರು ಪ್ರವಾಹವೆಂಬ ಮಾತನ್ನು ಬಳಸುವುದಿಲ್ಲ. ‘ಹೊಳಿ ಬಂತು’ ಎನ್ನುತ್ತಾರೆ, ದೂರದ ಬೀಗರು ಹೇಳದೆ ಕೇಳದೆ ಬಂದರೆಂಬಂತೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 37.73 ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾಸಾಗರವಾಗಿ ತಂಗಿ, ಅಲ್ಲಿಂದ ಕೆಳಗೆ ಬಾದಾಮಿ ತಾಲೂಕಿನ ಶಿವಯೋಗಮಂದಿರ, ಪಟ್ಟದಕಲ್ಲುಗಳನ್ನೂ ಹುನಗುಂದ ತಾಲೂಕಿನ ಐಹೊಳೆಯನ್ನೂ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಮಲಪ್ರಭೆಯು, ಅಣೆಕಟ್ಟಿನ ಕೆಳಗೆ ವರ್ಷದ ಬಹುದಿನಗಳಲ್ಲಿ, ಮಕ್ಕಳು ಪಾಟೀಚೀಲವನ್ನು ತಲೆಯ ಮೇಲಿಟ್ಟುಕೊಂಡು ದಾಟಿ ಶಾಲೆಗೆ ಬರುವಂಥ ಹೊಳೆ. ಪಾತ್ರದೊಳಗೆ ಬಳ್ಳಾರಿ ಜಾಲಿ ಬೆಳೆದು, ದಂಡೆಯ ಹೊಲಗಳು ವರ್ಷವರ್ಷಕ್ಕೆ ಮುಂದೆ ಸರಿದು, ಹೊಳೆಗೆ ಹೊಳೆಯ ಜಾಗವೇ ಇಲ್ಲದಂತಾದುದನ್ನು ನಾವೆಲ್ಲರೂ ನೋಡುತ್ತಲೇ ಇದ್ದೆವು, ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತಲೂ ಇದ್ದೆವು, ಮಾಡಿದ್ದೇನೂ ಇಲ್ಲ.

2009ರಲ್ಲಿ ವಿಜಯದಶಮಿಯು ಸೆಪ್ಟೆಂಬರ್ 28ಕ್ಕೆ ಬಂದಿತ್ತು. ಅಂದು ಸಂಜೆ ಊರವರೆಲ್ಲರೂ ಬನ್ನಿ ಮುಡಿದು, ಕಿರಿಯರು ಹಿರಿಯರ ಪಾದ ಮುಟ್ಟಿ, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು’ ಎಂದು ಒಬ್ಬರಿಗೊಬ್ಬರು ಹರಸಿಕೊಂಡಿದ್ದರು. ಕಿಸೆಯೊಳಗಿನ ಆ ಎಲೆಗಳು ಒಣಗುವ ಮುನ್ನವೇ, ಬಂಗಾಳ ಉಪಸಾಗರದಲ್ಲಿ ಎದ್ದ ವಾಯುಭಾರ ಕುಸಿತವು ನೆಲದ ಮೇಲೇರಿ ಬಂದು, ವರ್ಷವಿಡೀ ಸೇರಿದರೂ ಸರಾಸರಿ 600 ಮಿಲಿಮೀಟರು ಮುಟ್ಟದ ನಮ್ಮ ಬಯಲುಸೀಮೆಯ ಮೇಲೆ ಹಗಲಿರುಳೆನ್ನದೆ ಮಳೆಗರೆಯತೊಡಗಿತು. ಅಕ್ಟೋಬರ್ 2, ಗಾಂಧೀಜಯಂತಿಯ ಹೊತ್ತಿಗೆ ವಿಜಾಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿಗಳ ಸಾವಿರಾರು ಸಂಸಾರಗಳು ಬೀದಿಪಾಲಾಗಿದ್ದವು. ಗಡಿಯಾಚೆ ಮಂತ್ರಾಲಯವೂ ಕರ್ನೂಲು ಪಟ್ಟಣವೂ ನೀರಿನಲ್ಲಿ ನಿಂತಿದ್ದವು. ಕರ್ನಾಟಕವೊಂದರಲ್ಲಿಯೇ ಇನ್ನೂರಕ್ಕೂ ಮಿಕ್ಕಿ ಜನರು ಪ್ರಾಣವನ್ನು ಕಳೆದುಕೊಂಡರು.

ಹೊಳೆಯು ಮುಟ್ಟಿದ ಊರುಗಳನ್ನು ಹೊಳೆ ಕೆಡವಿತು. ಮುಟ್ಟದ ಊರುಗಳನ್ನು ಮಳೆಯೇ ಕೆಡವಿತು. ನಮ್ಮ ಸೀಮೆಯ ಮನೆಗಳು ಬಿಸಿಲಿಗೆಂದು ಕಟ್ಟಿದವು. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಹದಮಾಡಿ ಹಾಸಿದ ಮಣ್ಣು: ಇದು ಮೇಲುಮುದ್ದೆಯ ಮಾಳಿಗೆ. ಬೇಸಗೆಯಲ್ಲಿ ಇದರಷ್ಟು ತಂಪಾದ ಆಶ್ರಯ ಮತ್ತೊಂದಿಲ್ಲ. ಆದರೆ ಐದು ದಿನ ಬಿಡದೆ ಮಳೆ ಹಿಡಿದರೆ ಆ ಮಣ್ಣೇ ನೀರು ಕುಡಿದು ಮಣಭಾರವಾಗಿ, ಒಳಗೆ ಮಲಗಿದವರ ಮೇಲೆಯೇ ಇಳಿಯುತ್ತದೆ. ಅಂಗಳದ ನೆಲದೊಳಗೆ ಹಗೇವು. ಅದರಲ್ಲಿ ಮುಂದಿನ ಸುಗ್ಗಿಯವರೆಗೆ ಮನೆಮಂದಿಯನ್ನು ಕಾಯಬೇಕಾದ ಬಿಳಿಜೋಳ. ಹಗೇವಿಗೆ ನೀರು ಹೊಕ್ಕ ನಾಲ್ಕನೆಯ ದಿನ ಬಾಯಿಗಲ್ಲನ್ನು ಸರಿಸಿದಾಗ ಮೇಲಕ್ಕೆ ಬಂದ ಆ ಹುಳಿವಾಸನೆಯನ್ನು ಒಮ್ಮೆ ಉಂಡ ಮೂಗು ಎಂದಿಗೂ ಮರೆಯಲಾರದು. ಹೊಲದಲ್ಲಿ ಕಿತ್ತು ಗುಂಪು ಹಾಕಿದ್ದ ಉಳ್ಳಾಗಡ್ಡಿ ಕೊಳೆತು ಕಪ್ಪುನೀರಾಗಿ ಹರಿದುಹೋಗಿತ್ತು. ಉಣ್ಣುವ ಕಾಳು ನೆಲದಡಿಯಲ್ಲಿ ಹೋಯಿತು, ಮಾರುವ ಬೆಳೆ ನೆಲದ ಮೇಲೆ ಹೋಯಿತು.

ನಮ್ಮ ಊರಿಗೆ ಹೊಳೆ ಬಂದ ರಾತ್ರಿ ನಿಂತು ಉಳಿದ ಎತ್ತರದ ಕಲ್ಲುಕಟ್ಟಡಗಳು ಎರಡೇ: ಶಾಲೆ ಮತ್ತು ದಿನ್ನೆಯ ಮೇಲಿನ ಕ್ರೈಸ್ತರ ದೇವಾಲಯ. ನಮ್ಮ ಸೀಮೆಯ ಪ್ರೊಟೆಸ್ಟಂಟ್ ಕ್ರೈಸ್ತರು ಕಟ್ಟಡವನ್ನು ದೇವಾಲಯವೆಂದೂ, ತಾವೆಲ್ಲರೂ ಕೂಡಿದ ಸಮುದಾಯವನ್ನು ‘ಸಭೆ’ಯೆಂದೂ ಕರೆಯುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೂ ಬಂದು ನೆಲೆಯೂರಿದ ಮೇಲೆ ಈ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಸಭೆ ಬೆಳೆಯಿತು. ಈಗ ಅವು ದಕ್ಷಿಣ ಭಾರತ ಸಭೆಯೊಳಗೆ ಕೂಡಿವೆ. ಕಲಾದಗಿ ಜಿಲ್ಲೆಯೆನಿಸಿದ್ದ ಈ ಸೀಮೆ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದಲ್ಲಿಯೇ ಅತಿಯಾಗಿ ನೊಂದ ನೆಲಗಳಲ್ಲೊಂದು. ಹಸಿವೆಯ ಕಾಲವನ್ನು ತಾತಮುತ್ತಾತಂದಿರ ಬಾಯಿಂದ ಕೇಳಿ ಬೆಳೆದವರಿಗೆ ಕಾಳನ್ನು ಕುರಿತು ಒಂದು ವಿಶೇಷವಾದ ಭಯಭಕ್ತಿಯಿರುತ್ತದೆ. ನಮ್ಮೂರಿನ ಸಭೆಯ ಹೆಂಗಸರು ಒಲೆಗೆ ಎಸರಿಡುವ ಮುನ್ನ ಒಂದು ಹಿಡಿ ಕಾಳನ್ನು ಬೇರೆ ತೆಗೆದಿಟ್ಟು ಆದಿತ್ಯವಾರ ಕಾಣಿಕೆಯಾಗಿ ತರುತ್ತಿದ್ದರು. ಆ ಹಿಡಿಹಿಡಿಯ ಸಂಚಯವು ದೇವಾಲಯದ ಒಳಕೋಣೆಯಲ್ಲಿ, ನೆಲದಿಂದ ಎತ್ತರದ ಅಟ್ಟದ ಮೇಲೆ ಇತ್ತು. ಊರಿನ ಹಗೇವುಗಳೆಲ್ಲ ಕೆಟ್ಟ ಆ ವಾರ ಕೆಡದೆ ಉಳಿದ ಜೋಳ ಅದೊಂದೇ.

ಇಪ್ಪತ್ತೇ ಮನೆಗಳ ಆ ಸಭೆ ಗಂಟೆ ಬಾರಿಸಿ ಊರನ್ನೆಲ್ಲ ದಿನ್ನೆಗೆ ಕರೆಯಿತು. ಲಿಂಗಾಯತರು, ಕುರುಬರು, ಮುಸಲ್ಮಾನರು, ಗರಡಿಮನೆಯ ಹುಡುಗರು, ಬಾಣಂತಿಯರು, ಕಟ್ಟಿದ ಎಮ್ಮೆಗಳು, ಎಲ್ಲರಿಗೂ ಅಲ್ಲಿ ಎಡೆ ಸಿಕ್ಕಿತು. ಒಬ್ಬ ಮುಪ್ಪಿನ ಗೌಡರು ಮಾತ್ರ ಒಳಗೆ ಬರಲೊಲ್ಲದೆ ಪಾವಟಿಗೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಕಾರಣವನ್ನು ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರಿಗೂ ತಿಳಿದ ಕಾರಣವದು, ತಲತಲಾಂತರದಿಂದ ನಮ್ಮ ಹಳ್ಳಿಗಳ ಎದೆಯ ಮೇಲೆ ಕುಳಿತದ್ದು. ಸಭೆಯ ಒಬ್ಬ ಮುದುಕಿ, ಆಕೆಯ ಪಾಲಿಗೂ ಆ ಕಾರಣದ ಕಹಿ ಬೇಕಾದಷ್ಟು ಬಂದಿದ್ದಿತು, ಒಂದು ಮೊರದಲ್ಲಿ ಹಿಟ್ಟನ್ನೂ ಕಂಕುಳಲ್ಲಿ ಒಣಕಟ್ಟಿಗೆಯನ್ನೂ ತಂದು ಅವರ ಮುಂದಿಟ್ಟು, ‘ಗೌಡ್ರ, ಹಿಟ್ಟ ಐತಿ, ಕಟಿಗಿ ಐತಿ. ನಿಮ್ಮ ಒಲಿ ನೀವ ಹಚ್ಚಿಕೊಳ್ರಿ. ಹಸಕೊಂಡ ಮಾತ್ರ ಕುಂಡ್ರಬ್ಯಾಡ್ರಿ’ ಎಂದಳು. ಗೌಡರು ಆ ರಾತ್ರಿ ಒಲೆ ಹಚ್ಚಲಿಲ್ಲ, ಉಣ್ಣಲೂ ಇಲ್ಲ. ಮರುದಿನ ಸಂಜೆ ಎಲ್ಲರ ಪಂಕ್ತಿಯಲ್ಲಿ ಕೊನೆಯವರಾಗಿ ಬಂದು ಕುಳಿತು, ಆಕೆಯ ಮುಂದೆಯೇ ಗಂಗಾಳವನ್ನು ಒಡ್ಡಿದರು. ಅವರೂ ಮಾತಾಡಲಿಲ್ಲ, ಆಕೆಯೂ ಮಾತಾಡಲಿಲ್ಲ. ಎರಡು ರೊಟ್ಟಿ ಹಾಕಿ ಮುಂದೆ ಹೋದಳು. ನಾನು ಬರೆಯಿಸಿದ ಪಾಠಗಳು, ಓದಿಸಿದ ಪದ್ಯಗಳು ಮೂವತ್ತು ವರ್ಷದಲ್ಲಿ ಮಾಡದೆ ಬಿಟ್ಟ ಕೆಲಸವೊಂದು ಆ ಸಂಜೆ ಆಯಿತೆಂದು ನನ್ನ ನಂಬುಗೆ.

ಅಕ್ಟೋಬರ್ 4, ಆದಿತ್ಯವಾರ. ಆರಾಧನೆಗೆ ಹಾಡಿನ ಪುಸ್ತಕಗಳಿರಲಿಲ್ಲ, ಹಾಳೆಗೆ ಹಾಳೆ ಅಂಟಿ ಹೋಗಿದ್ದವು, ಬಾಯಿಪಾಠವಿದ್ದಷ್ಟನ್ನು ಹಾಡಿದರು. ಆರಾಧನೆ ಮುಗಿದ ಬಳಿಕ ಸಭೆಯ ಹಿರಿಯರು ನನ್ನನ್ನು ಕರೆದು, ನೂರು ಪುಟದ ಒಂದು ನೋಟುಬುಕ್ಕನ್ನು ಕೈಗಿತ್ತು, ಊರೊಳಗೆ ಯಾರು ಯಾರಿಗೆ ಏನು ಕೊಟ್ಟರೆಂಬುದನ್ನು ಬರೆದಿಡಬೇಕೆಂದರು. ದೀಕ್ಷಾಸ್ನಾನದಿಂದ ಹಿಡಿದು ವಾರದ ಕಾಣಿಕೆಯವರೆಗೆ ಎಲ್ಲವನ್ನೂ ದಫ್ತರಿನಲ್ಲಿ ಬರೆದಿಡುವುದು ಮಿಶನ್ನಿನ ಕಾಲದಿಂದ ಸಭೆಗೆ ಬಂದ ಶಿಸ್ತು. ಆದರೆ ಅವರು ಆ ಪುಸ್ತಕಕ್ಕೆ ದಾನದ ಲೆಕ್ಕವೆಂದು ಹೆಸರಿಡಲಿಲ್ಲ. ಮೊದಲ ಪುಟದಲ್ಲಿ ‘ಮುಯ್ಯಿ’ ಎಂದು ಬರೆಯಿಸಿದರು.

ಮುಯ್ಯಿ ಎಂದರೇನೆಂದು ನಮ್ಮ ಹಳ್ಳಿಗರಿಗೆ ಹೇಳಿಕೊಡಬೇಕಾಗಿಲ್ಲ. ಮದುವೆಯಲ್ಲಿ ಮಾಡಿದ ಆಯೇರವನ್ನು ಬರೆದಿಟ್ಟುಕೊಂಡು, ಆ ಮನೆಯ ಮದುವೆಗೆ ಅದಕ್ಕೆ ಒಂದು ಕಾಸು ಹೆಚ್ಚಾಗಿ ಹಿಂದಕ್ಕೆ ಮುಟ್ಟಿಸುವುದು ಮುಯ್ಯಿ. ಬಿತ್ತಿಗೆಯ ಕಾಲಕ್ಕೆ ನನ್ನ ಹೊಲಕ್ಕೆ ಬಂದ ಆಳಿಗೆ ಬದಲಾಗಿ ಅವನ ಹೊಲಕ್ಕೆ ನಾನು ಹೋಗುವುದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಇದೇ ಶಬ್ದವನ್ನು ಬಳಸುವುದುಂಟು. ಆ ಅರ್ಥ ಪೇಟೆಯಲ್ಲಿ ಹೆಚ್ಚಾಗಿ ಚಲಾವಣೆಯಾಗಿರುವುದು ನಮ್ಮ ದುರ್ದೈವ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಮುಯ್ಯಿಯಲ್ಲಿ ಇಂದು ಕೊಂಡವನು ನಾಳೆ ಕೊಡತಕ್ಕವನು. ಆದುದರಿಂದ ಅವನ ಕೈ ಚಾಚಿದರೂ ತಲೆ ತಗ್ಗುವುದಿಲ್ಲ. ಆ ಪುಸ್ತಕದಲ್ಲಿ ನಾನು ಬರೆದುಕೊಂಡ ಸಾಲುಗಳು ಇಂಥವು: ಇಂಥವರಿಂದ ಇಂಥವರಿಗೆ ಎತ್ತಿನ ಜೋಡಿ ಎರಡು ದಿನ, ಹೂಳು ಎಳೆಯಲು, ನಾಲ್ಕು ಆಳು ಒಂದು ದಿನ, ಗೋಡೆ ಎತ್ತಲು, ಆಕಳ ಹಾಲು ಅರ್ಧ ಸೇರು, ಬಾಣಂತಿಗೆ, ಒಂದು ತಿಂಗಳು, ಹಳೆಯ ತೊಲೆ ಒಂದು. ಮಸೀದಿಯ ಜಮಾತಿನವರು ತಮ್ಮ ಅಡುಗೆಯ ದೊಡ್ಡ ಪಾತ್ರೆಗಳನ್ನು ದಿನ್ನೆಗೆ ತಂದರು. ಸಭೆಯ ಗಂಡಸರು ಮಸೀದಿಯ ಹೌದಿನೊಳಗಿನ ಕೆಸರನ್ನು ಎತ್ತಿದರು. ಬಸವಣ್ಣನ ಗುಡಿಯ ಕಲ್ಲುಹಾಸಿನ ಮೇಲೆ ಎಲ್ಲರ ಒದ್ದೆ ಕಾಳೂ ಒಟ್ಟಿಗೆ ಒಣಗಿತು. ಎಲ್ಲವನ್ನೂ ಬರೆದೆ.

ಅದೇ ಪಕ್ಷದಲ್ಲಿ ಇಳಕಲ್ಲಿಗೆ ಹೋಗಬೇಕಾಯಿತು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ. ಅಲ್ಲಿ ಹೊಳೆ ಬಂದಿರಲಿಲ್ಲ; ಮಳೆಯ ನೀರೇ ಓಣಿಯಿಂದ ಇಳಿದು ಮಗ್ಗದ ಕುಣಿಯನ್ನು ತುಂಬಿತ್ತು. ಕುಣಿಮಗ್ಗದ ನೇಕಾರನು ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವವನಾದುದರಿಂದ, ಮನೆಗೆ ನೀರು ಬಂದರೆ ಅದು ಮೊದಲು ಹೋಗುವುದು ಅವನ ಕಾಲು ಇರತಕ್ಕ ಜಾಗಕ್ಕೇ. ಅವನ ಹೆಂಡತಿ ತಂಬಿಗೆಯಿಂದ ತೋಡಿ ಕೊಡ ತುಂಬುತ್ತಿದ್ದಳು, ಅವನು ಹೊರಗೆ ಚೆಲ್ಲುತ್ತಿದ್ದನು, ಗೋಡೆಯೊಳಗಿಂದ ನೀರು ಮತ್ತೆ ಜಿನುಗುತ್ತಿತ್ತು. ಮಗ್ಗದ ಮೇಲಿನ ಹಾಸು ನೆನೆದು ಗಂಜಿ ಬಿಟ್ಟು, ಬೆರಳು ತಾಗಿದರೆ ಎಳೆ ಹರಿಯುವಂತಾಗಿತ್ತು.

ಇಳಕಲ್ಲ ಸೀರೆಯ ವಿಶೇಷವನ್ನು ಬಲ್ಲವರು ಬಲ್ಲರು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಎಳೆಯನ್ನೂ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಿದ ಮೇಲೆಯೇ ಟೋಪತೆನಿಯ ಕೆಂಪು ಬಿಳುಪಿನ ಸೆರಗು ಏಳುತ್ತದೆ. ನನ್ನ ವಿದ್ಯಾರ್ಥಿಯ ಒಡಲಿನ ಹಾಸು ಹೋಗಿತ್ತು, ಅಟ್ಟದ ಮೇಲಿಟ್ಟಿದ್ದ ಸೆರಗಿನ ರೇಶಿಮೆ ಉಳಿದಿತ್ತು. ಎರಡು ಮನೆಯಾಚೆಯ ಸಾಲಿ ನೇಕಾರನಿಗೆ ಒಡಲು ಉಳಿದು ಸೆರಗು ಕೆಟ್ಟಿತ್ತು. ಇವನ ಸೆರಗನ್ನು ಅವನ ಒಡಲಿಗೆ ಕೊಂಡಿ ಹಾಕಿ, ಕುಣಿ ಒಣಗಿದ ಮೂರನೆಯ ಮನೆಯ ಮಗ್ಗದ ಮೇಲೆ ನೇಯ್ದು, ಕೂಲಿಯನ್ನು ಮೂರು ಪಾಲು ಮಾಡಿಕೊಂಡರು. ಆ ಮೂರನೆಯ ಮನೆ ಮುಸಲ್ಮಾನರದು. ಮುರ್ತುಜಾ ಖಾದ್ರಿಯವರ ದರ್ಗಾಕ್ಕೂ ವಿಜಯ ಮಹಾಂತೇಶ ಮಠಕ್ಕೂ ಒಂದೇ ಕಾಲಿನಲ್ಲಿ ನಡೆದುಹೋಗುವ ಊರಿನಲ್ಲಿ ಇದು ಯಾರಿಗೂ ಸುದ್ದಿಯಾಗಿ ಕಾಣಲಿಲ್ಲ. ಆ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳನ್ನಲ್ಲ, ಜನರ ಕುಡಿತವೇ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡುತ್ತಿದ್ದವರು. ಪರಿಹಾರದ ರೊಕ್ಕ ಕೈಗೆ ಬಂದ ಆ ತಿಂಗಳುಗಳಲ್ಲಿ ಎಷ್ಟು ಮನೆಗಳ ಹೆಂಗಸರು ಆ ಜೋಳಿಗೆಯನ್ನು ನೆನೆದರೆಂಬುದನ್ನು ನಾನು ಬಲ್ಲೆ.

ಹೊರಗಿನ ನೆರವು ಬರಲಿಲ್ಲವೆಂದಲ್ಲ. ಬಂದಿತು, ಬೇಕಾದಷ್ಟು ಬಂದಿತು, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಒಂದು ಮಧ್ಯಾಹ್ನ ಒಂದು ಲಾರಿಯ ಮೇಲಿಂದ ಬಟ್ಟೆಯ ಗಂಟುಗಳನ್ನು ಎಸೆಯುತ್ತಿರಲು, ನನ್ನ ಶಾಲೆಯ ಹುಡುಗಿಯರು ಕೈ ಮೇಲೆತ್ತಿ ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಂತುದನ್ನು, ಅದನ್ನು ಯಾರೋ ಚಿತ್ರ ಹಿಡಿಯುತ್ತಿದ್ದುದನ್ನು ಕಂಡು, ಆ ದಿನ ನಾನು ಊಟ ಮಾಡಲಾರದೆ ಹೋದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಅವರಿಗೆ ನಮ್ಮ ಹೆಸರುಗಳು ಗೊತ್ತಿರಲಿಲ್ಲ, ಅಷ್ಟೇ.

ಸರ್ಕಾರವು ದಾನಿಗಳನ್ನೂ ಸಂಸ್ಥೆಗಳನ್ನೂ ಕೂಡಿಸಿಕೊಂಡು ‘ಆಸರೆ’ ಎಂಬ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ಮನೆಗಳು ಎದ್ದವು, ಅನೇಕ ಕಡೆ ಜನ ಹೋಗಲಿಲ್ಲ. ಹೊಲ ಇಲ್ಲಿ, ಮನೆ ಅಲ್ಲಿ. ಎತ್ತು ಕಟ್ಟಲು ಕೊಟ್ಟಿಗೆಯಿಲ್ಲ, ಹೊಟ್ಟು ಕಣಕಿಗೆ ಹಿತ್ತಿಲಿಲ್ಲ. ಇವು ಎಲ್ಲರೂ ಹೇಳುವ ಕಾರಣಗಳು, ಸತ್ಯವೂ ಅಹುದು. ನನಗೆ ತೋರುವ ಕಾರಣ ಇನ್ನೊಂದುಂಟು. ನಾವು ಮನೆಗಳನ್ನು ಸಾಗಿಸಿದೆವು, ಓಣಿಯನ್ನು ಸಾಗಿಸಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಒಪ್ಪಿಸಿ ನವನಗರದ ಸೆಕ್ಟರುಗಳಿಗೆ ಹೋದವರನ್ನು ಕೇಳಿ ನೋಡಿರಿ. ಅವರು ಹಂಬಲಿಸುವುದು ಗೋಡೆಗಳನ್ನಲ್ಲ, ಗೋಡೆಯಾಚೆಯ ದನಿಯನ್ನು.

ಈ ಮಾತನ್ನು ದೂರದೇಶದ ಒಂದು ನಿದರ್ಶನ ನನಗೆ ದೃಢಪಡಿಸಿತು. 2005ರ ಆಗಸ್ಟ್ 29ರಂದು ಕತ್ರಿನ ಎಂಬ ಚಂಡಮಾರುತವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೇಲೆ ಎರಗಿ, ಒಡ್ಡುಗಳು ಒಡೆದು, ನಗರದ ಐದರಲ್ಲಿ ನಾಲ್ಕು ಪಾಲು ನೀರಿನಡಿ ಹೋಯಿತು. ಅಲ್ಲಿಯ ಪೂರ್ವಭಾಗದಲ್ಲಿ, 1975ರಲ್ಲಿ ಯುದ್ಧ ಮುಗಿದ ಮೇಲೆ ದೇಶ ಬಿಟ್ಟು ಬಂದ ವಿಯೆಟ್ನಾಮಿ ಕಥೋಲಿಕರ ಒಂದು ಬಡಾವಣೆಯಿದೆ, ಮರಿಯಮ್ಮನ ಹೆಸರಿನ ಇಗರ್ಜಿಯೊಂದರ ಸುತ್ತ ಬೆಳೆದುದು. ಆ ಇಗರ್ಜಿಯ ಪಾದ್ರಿಗಳು ಬೇರೆ ಬೇರೆ ಊರುಗಳ ನಿರಾಶ್ರಿತರ ಶಿಬಿರಗಳಲ್ಲಿ ಚದರಿದ್ದ ತಮ್ಮವರನ್ನು ಹುಡುಕಿಕೊಂಡು ಅಲೆದರು. ಅಕ್ಟೋಬರ್ ತಿಂಗಳಲ್ಲಿಯೇ, ಇನ್ನೂ ದೀಪವಿಲ್ಲದ ಬಡಾವಣೆಯಲ್ಲಿ, ಪೂಜೆ ನಡೆಯಿತು. ವಿದ್ಯುತ್ ಕಂಪನಿಯು ಬಳಕೆದಾರರೆಲ್ಲಿ ಎಂದು ಕೇಳಿದಾಗ, ಹಿಂದಿರುಗಿದವರ ನೂರಾರು ಹೆಸರುಗಳ ಪಟ್ಟಿಯನ್ನು ಇಗರ್ಜಿ ಮುಂದಿಟ್ಟಿತು, ದೀಪ ಬಂದಿತು. ಸುತ್ತಣ ಬಡಾವಣೆಗಳು ಇನ್ನೂ ಪಾಳುಬಿದ್ದಿದ್ದಾಗ ಇವರು ಮನೆಗಳ ಕೆಸರನ್ನು ಸರದಿಯ ಮೇಲೆ ತೊಳೆಯುತ್ತಿದ್ದರು. ಅದನ್ನು ಓದಿದ ದಿನ ನಮ್ಮ ನೋಟುಬುಕ್ಕನ್ನು ತೆಗೆದು ಇನ್ನೊಮ್ಮೆ ನೋಡಿದೆ.

ಆ ಪುಸ್ತಕದ ನಡುವೆ 2018ರ ಒಂದು ಪುಟವುಂಟು. ಕೊಡಗಿನಲ್ಲಿ ಗುಡ್ಡಗಳು ಜಾರಿದ ಆಗಸ್ಟಿನಲ್ಲಿ ನಮ್ಮ ಕಡೆಯಿಂದ ಕಟಕ ರೊಟ್ಟಿ ಹೋಯಿತು. ತಿಂಗಳಾದರೂ ಕೆಡದ ರೊಟ್ಟಿ ಇಂಥ ಕಾಲಕ್ಕೆಂದೇ ನಮ್ಮ ಹೆಂಗಸರು ಕಂಡುಹಿಡಿದದ್ದೇನೋ. ಯಾರಿಗೆ ಎಂಬ ಅಂಕಣದಲ್ಲಿ ಏನು ಬರೆಯಲೆಂದು ಕೇಳಿದೆ. ‘ಕೊಡಗು’ ಎಂದಷ್ಟೇ ಬರೆಯಿಸಿದರು.

ಮರುವರ್ಷವೇ ನಮಗೆ ಮತ್ತೆ ಹೊಳೆ ಬಂತು. 2019ರ ಆಗಸ್ಟ್ 5 ನಾಗಪಂಚಮಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು, ಜೋಕಾಲಿ ಕಟ್ಟಿ, ಡಬ್ಬಿ ತುಂಬ ಉಂಡಿ ಮಾಡಿಟ್ಟಿದ್ದ ವಾರ. ಈ ಸಲ ನಮ್ಮಲ್ಲಿ ಮಳೆ ಹೆಚ್ಚಿರಲಿಲ್ಲ. ಮೇಲೆ ಸಹ್ಯಾದ್ರಿಯಲ್ಲಿ ಸುರಿದು, ರೇಣುಕಾಸಾಗರ ತುಂಬಿ, ಬಾಗಿಲು ತೆರೆಯಬೇಕಾಯಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನೀರು ನಿಂತಿತು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಕಟ್ಟಿದ ಶಿವಯೋಗಮಂದಿರಕ್ಕೂ ನೀರು ಹೊಕ್ಕಿತು. ನಮ್ಮೂರಿನವರು ಒಲ್ಲೆವೆಂದು ಖಾಲಿ ಬಿಟ್ಟಿದ್ದ ಆಸರೆ ಮನೆಗಳಿಗೇ ಆ ರಾತ್ರಿ ಓಡಿದರು. ಆದರೆ ಹೋಗುವಾಗ ಓಣಿಓಣಿಯಾಗಿ ಹೋದರು, ಯಾರ ಮಗ್ಗುಲಿಗೆ ಯಾರೆಂಬುದನ್ನು ತಾವೇ ನಿಶ್ಚಯಿಸಿಕೊಂಡರು; ಸಭೆಯ ಅಟ್ಟದ ಜೋಳ ಅವರಿಗಿಂತ ಮೊದಲೇ ಎತ್ತಿನ ಗಾಡಿಯಲ್ಲಿ ಮೇಲೆ ಹೋಗಿತ್ತು. ಪಂಚಮಿಯ ಉಂಡಿಗಳನ್ನು ಹೆಣ್ಣುಮಕ್ಕಳು ಅಲ್ಲಿಯೇ ಬಿಚ್ಚಿ ಹಂಚಿದರು.

ನಾನು ನೋಟುಬುಕ್ಕಿನೊಡನೆ ಒಂದು ಮನೆಯ ಪಾವಟಿಗೆಯ ಮೇಲೆ ಕುಳಿತಿದ್ದೆ. ಹತ್ತು ವರ್ಷದ ಹಿಂದೆ ಗೌಡರ ಮುಂದೆ ಹಿಟ್ಟು ಇಟ್ಟ ಆ ಮುದುಕಿ, ಈಗ ನಡು ಬಾಗಿತ್ತು, ಅವಳ ಮನೆ ಅಂದು ನಸುಕಿನಲ್ಲಿ ಬಿದ್ದಿತ್ತು, ಸೆರಗಿನಲ್ಲಿ ರೊಟ್ಟಿ ಸುತ್ತಿಕೊಂಡು ಬಂದು, ‘ನಂದೂ ಬರ್ಕೋರಿ ಮಾಸ್ತರ. ಇಪ್ಪತ್ತ ರೊಟ್ಟಿ, ಗುರೆಳ್ಳ ಹಿಂಡಿ. ಕೆಳಗಿನ ಓಣಿಯವ್ರಿಗೆ’ ಎಂದಳು. ಮನೆ ಕಳೆದುಕೊಂಡವರ ಪುಟದಲ್ಲಿ ಆಗತಾನೆ ಅವಳ ಹೆಸರನ್ನು ಬರೆದಿದ್ದ ನನ್ನ ಕೈ ಒಂದು ಗಳಿಗೆ ತಡೆಯಿತು. ಅದನ್ನು ಅವಳು ಕಂಡಳು. ‘ತಗೊಂಡದ್ದ ಬರದೀರಿ, ಕೊಟ್ಟದ್ದೂ ಬರೀರಿ’ ಎಂದು, ಸೆರಗನ್ನು ಬಿಚ್ಚಿ ಒಂದೊಂದಾಗಿ ಎಣಿಸತೊಡಗಿದಳು. ಇಪ್ಪತ್ತೊಂದಾದವು. ಕೊನೆಯದನ್ನು ಎತ್ತಿ ಹಿಡಿದು, ‘ಇದು ಹರದೈತಿ. ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ’ ಎಂದು ನನ್ನ ಕೈಗೆ ಕೊಟ್ಟಳು.

ಇಪ್ಪತ್ತೆಂದೇ ಬರೆದೆ.